ಸೋಸಿದರೂ ಹೋಗದ ಉಪ್ಪು

ಮಕ್ಕಳೇ, ಎರಡು ಗ್ಲಾಸ್ ನೀರು ತಗೊಳ್ರಿ. ಒಂದಕ್ಕೆ ಒಂದು ಚಮಚ ಮಣ್ಣು, ಇನ್ನೊಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಕಿರಿ. ಎರಡನ್ನೂ ಮಡಚಿದ ಬಟ್ಟೆಯಲ್ಲಿ ಸೋಸಿರಿ. ಮಣ್ಣು ಬಹಳಷ್ಟು ಬಟ್ಟೆಯಲ್ಲೇ ಉಳಿಯುತ್ತದೆ. ಉಪ್ಪು? ನೀರಿನ ಜೊತೆಗೇ ಇಳಿದು ಹೋಯಿತಲ್ಲ! ಯಾಕಂದ್ರೆ ಮಣ್ಣು ನೀರಿನಲ್ಲಿ ತೇಲುವ ಕಣ. ಉಪ್ಪು ಅಯಾನುಗಳಾಗಿ ಕರಗಿದೆ. ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ.

ಇಷ್ಟು ತಿಳಿದರೆ ನಮ್ಮ ಪಕ್ಕದ ಒಂದು ಸಂಗತಿ ಅರ್ಥವಾಗುತ್ತದೆ. ಜಹೀರಾಬಾದ್, ನಾರಾಯಣಖೇಡ ಇರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ ಪಟಾನ್‌ಚೆರು ಇದೆ. ಅಲ್ಲಿಯ ಔಷಧ, ರಾಸಾಯನಿಕ ಕಾರ್ಖಾನೆಗಳ ತ್ಯಾಜ್ಯ ನೀರು ವರ್ಷಗಟ್ಟಲೆ ನಕ್ಕವಾಗು ಎಂಬ ಹಳ್ಳಕ್ಕೆ ಸೇರಿತು. ಆ ಹಳ್ಳ ಮುಂದೆ ಮಂಜೀರಾ ನದಿಯನ್ನು ಕೂಡುತ್ತದೆ. ಬೀದರ, ನಾರಾಯಣಖೇಡದ ಕಡೆಯಿಂದ ಹರಿದು ಹೋಗುವ ನಮ್ಮ ಮಂಜೀರಾನೇ ಅದು. ಸಂಗಮ ಮಾತ್ರ ಸಿಂಗೂರು ಅಣೆಕಟ್ಟಿನ ಕೆಳಗಿದೆ. ಹಳ್ಳದ ನೀರು ನೆಲಕ್ಕೆ ಇಂಗಿ ಅಕ್ಕಪಕ್ಕದ ಊರುಗಳ ಬಾವಿ, ಬೋರ್‌ವೆಲ್‌ ಕೆಟ್ಟವು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1994ರಲ್ಲಿ ಹಲವು ಕಾರ್ಖಾನೆಗಳಿಗೆ ಸೇರಿ ಒಂದೇ ಶುದ್ಧೀಕರಣ ಘಟಕ ಶುರುವಾಯಿತು. ಆದರೆ 2007ರಲ್ಲಿ ಪ್ರಕಟವಾದ ಸ್ವೀಡನ್ ವಿಜ್ಞಾನಿಗಳ ಅಧ್ಯಯನದಲ್ಲಿ, ಆ ಘಟಕದಿಂದ ಹೊರಬಂದ ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಸಿಕ್ಕಿತು. ಅಂಥ ನೀರಿನಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾಗಳಿಗೆ ಆ ಔಷಧ ನಾಟುವುದಿಲ್ಲ. ನಾಳೆ ನಮಗೆ ರೋಗ ಬಂದರೆ?

ಎಣ್ಣೆ ಬಾವಿಗಳದ್ದೂ ಇದೇ ಪಾಠ. ಕಚ್ಚಾ ತೈಲದ ಜೊತೆ ಆಳದ ಉಪ್ಪು ನೀರೂ ಮೇಲೆ ಬರುತ್ತದೆ. ಎಷ್ಟೋ ಕಡೆ ಅದು ಸಮುದ್ರಕ್ಕಿಂತ ಉಪ್ಪು. ಅದನ್ನು ಮತ್ತೆ ಆಳದ ಬಂಡೆಯ ಪದರಕ್ಕೇ ಒತ್ತಿ ಕಳಿಸುವುದುಂಟು. ನಡುವೆ ಕೊಳವೆ ಅಥವಾ ಸಿಮೆಂಟ್ ಬಿರುಕು ಬಿಟ್ಟರೆ ಕುಡಿಯುವ ನೀರಿನ ಪದರಕ್ಕೇ ಕುತ್ತು.

ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಸಮುದ್ರದಲ್ಲಿ ಸುಮಾರು 35,000.

ಈಗ ನೀವೇ ಮಾಡಿ ನೋಡ್ರಿ: ಮೂರು ಬಟ್ಟಲಲ್ಲಿ ಇಪ್ಪತ್ತಿಪ್ಪತ್ತು ಹೆಸರುಕಾಳು ಇಡಿ. ಒಂದಕ್ಕೆ ಬರೀ ನೀರು, ಎರಡನೆಯದಕ್ಕೆ ಲೀಟರಿಗೆ ಒಂದು ಚಮಚ ಉಪ್ಪು ಬೆರೆಸಿದ ನೀರು, ಮೂರನೆಯದಕ್ಕೆ ಏಳು ಚಮಚ ಬೆರೆಸಿದ್ದು. ಐದು ದಿನ ಮೊಳಕೆ ಎಣಿಸಿ ಬರೆದಿಡಿ. ಅಭಿಸರಣೆಯ ಪಾಠ ನೆನಪಿಸಿಕೊಂಡು ಕಾರಣ ಹೇಳಿ.

ತಾಂಡೂರಿನ ಮಕ್ಕಳಿಗೆ ಇನ್ನೊಂದು ಪ್ರಶ್ನೆ: ಕಲ್ಲು ಪಾಲಿಶ್ ಮಾಡುವಲ್ಲಿಂದ ಬರುವ ಕೆಸರು ನೀರು ಮಣ್ಣಿನ ಗ್ಲಾಸಿನ ಹಾಗೋ, ಉಪ್ಪಿನ ಗ್ಲಾಸಿನ ಹಾಗೋ? ಅದು ಕಾಗಿಣಾ ಸೇರುವ ಮೊದಲೇ ತಡೆಯಲು ಏನು ಮಾಡಬಹುದು? ಉತ್ತರ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.