ಮೃತರ ಕೊನೆಯ ಲೆಕ್ಕ: ಆದಾಯ ತೆರಿಗೆ ರಿಟರ್ನ್ ಯಾರು, ಹೇಗೆ ಸಲ್ಲಿಸಬೇಕು?



ನವೆಂಬರ್ ನಮ್ಮ ಮೃತರ ತಿಂಗಳು. 2ನೇ ತಾರೀಕು ಸಮಾಧಿಗಳನ್ನು ಶುಚಿಮಾಡಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಅವರ ಪರವಾಗಿ ಮಾಡಬೇಕಾದ ಇನ್ನೊಂದು ಕೆಲಸ ಎಷ್ಟೋ ಮನೆಗಳಲ್ಲಿ ಬಾಕಿ ಉಳಿದಿರುತ್ತದೆ. ಅದು ಅವರ ಆದಾಯ ತೆರಿಗೆಯ ಕೊನೆಯ ಲೆಕ್ಕ. ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸಿರಿ, ತೆರಿಗೆಯನ್ನೂ ಸಹ, ಎಂಬುದು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಸಂತ ಪೌಲರು ನೀಡುವ ಬುದ್ಧಿವಾದ. ತೀರಿಹೋದವರು ಈ ಲೆಕ್ಕ ಒಪ್ಪಿಸಲಾರರು, ನಾವೇ ಒಪ್ಪಿಸಬೇಕು.

ಮೊದಲು ಒಂದು ಭಯ ಬಿಡೋಣ. ತಂದೆತಾಯಿಯಿಂದ ಬಂದ ಆಸ್ತಿಯ ಮೇಲೆ ನಮ್ಮ ದೇಶದಲ್ಲಿ ಈಗ ತೆರಿಗೆ ಇಲ್ಲ. 1953ರ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ನಮ್ಮ ಹೊಲದ ಟೊಮೇಟೊ, ಹೂವು, ರಾಗಿಯ ಆದಾಯಕ್ಕೂ ಆದಾಯ ತೆರಿಗೆ ಇಲ್ಲ. ಲೆಕ್ಕ ಕೊಡಬೇಕಾದದ್ದು ಪಿಂಚಣಿ, ಬ್ಯಾಂಕ್ ಬಡ್ಡಿ, ಬಾಡಿಗೆ, ವ್ಯಾಪಾರದಂಥ ಆದಾಯಕ್ಕೆ.

ಒಂದು ಉದಾಹರಣೆ

ರಾಯಕೋಟೆಯ ಒಬ್ಬ ನಿವೃತ್ತ ಮೇಷ್ಟ್ರು 2025ರ ಆಗಸ್ಟ್ 31ರಂದು ತೀರಿಕೊಂಡರು ಎಂದುಕೊಳ್ಳೋಣ. ಏಪ್ರಿಲ್ 1ರಿಂದ ಅಂದಿನವರೆಗೆ ಅವರಿಗೆ ಬಂದ ಪಿಂಚಣಿ 1,25,000 ರೂಪಾಯಿ, ಎಫ್‌ಡಿ ಬಡ್ಡಿ 1,10,000 ರೂಪಾಯಿ. ಬಡ್ಡಿಯಿಂದ ಬ್ಯಾಂಕು 11,000 ರೂಪಾಯಿ ಟಿಡಿಎಸ್ ಹಿಡಿದಿದೆ. ಒಟ್ಟು ಆದಾಯ 2,35,000. ಹೊಸ ಪದ್ಧತಿಯಲ್ಲಿ 2025-26ನೇ ಸಾಲಿಗೆ 4,00,000 ರೂಪಾಯಿವರೆಗೆ ತೆರಿಗೆ ಇಲ್ಲ. ವರ್ಷದ ನಡುವೆ ತೀರಿಕೊಂಡರೆಂದು ಈ ಮಿತಿ ಕಡಿಮೆಯಾಗುವುದಿಲ್ಲ. ಹಾಗಾಗಿ ಆ 11,000 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಆದರೆ ರಿಟರ್ನ್ ಸಲ್ಲಿಸದಿದ್ದರೆ ಬರುವುದಿಲ್ಲ. ನಮ್ಮ ಅಲಕ್ಷ್ಯದಿಂದ ನಷ್ಟ ಆಗುವುದು ಆ ಮನೆಯ ತಾಯಿಗೆ.

ಈ ರಿಟರ್ನ್ ಮೇಷ್ಟ್ರ ಪ್ಯಾನ್ ಸಂಖ್ಯೆಯಲ್ಲೇ ಹೋಗುತ್ತದೆ. ಸಲ್ಲಿಸುವವರು ಕಾನೂನು ವಾರಸುದಾರರು. ಕೆಲವರು ತೀರಿಹೋದವರ ಮೊಬೈಲಿಗೆ ಬರುವ ಓಟಿಪಿ ಹಾಕಿ, ಅವರು ಬದುಕಿರುವಂತೆಯೇ ಸಲ್ಲಿಸುತ್ತಾರೆ. ಇದು ತಪ್ಪು. ವಾರಸುದಾರರು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ತಮ್ಮ ಸ್ವಂತ ಖಾತೆಯಿಂದ, ತೀರಿಹೋದವರ ಪ್ರತಿನಿಧಿ ಎಂದು ನೋಂದಾಯಿಸಿಕೊಂಡು, ಒಪ್ಪಿಗೆ ಬಂದ ಮೇಲೆ ಸಲ್ಲಿಸಬೇಕು.

ಬೇಕಾದ ಕಾಗದಗಳು

ಇಬ್ಬರ ಪ್ಯಾನ್, ಮರಣ ಪ್ರಮಾಣಪತ್ರ, ವಾರಸುದಾರರೆಂಬ ಪುರಾವೆ. ನಾವು ಗಡಿಯವರು, ಇಲ್ಲೇ ಗೊಂದಲ ಆಗುವುದು. ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಪ್ರಮಾಣಪತ್ರ ಅಲ್ಲಿಂದಲೇ ತರಬೇಕು. ವಾರಸು ಪ್ರಮಾಣಪತ್ರ ಕೊಡುವವರು ಮಾತ್ರ ಇಲ್ಲಿಯ ತಹಸೀಲ್ದಾರರು. ಇ-ಸೇವೈ ಕೇಂದ್ರದಲ್ಲಿ ‘ವಾರಿಸು ಸಾನ್ರಿದಳ್’ ಎಂದು ಕೇಳಿ ಅರ್ಜಿ ಹಾಕಿ. ಪ್ರಮಾಣಪತ್ರ ಬರೀ ತಮಿಳಿನಲ್ಲೋ ಕನ್ನಡದಲ್ಲೋ ಇದ್ದರೆ ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿಯ ಸಹಿ ಹಾಕಿಸಿಕೊಳ್ಳಿ.

ಸಾವಿನ ನಂತರದ ಆದಾಯ ಯಾರದು?

ಸೆಪ್ಟೆಂಬರ್ 1ರಿಂದ ಬರುವ ಬಡ್ಡಿ ಮೇಷ್ಟ್ರ ಲೆಕ್ಕಕ್ಕೆ ಸೇರುವುದಿಲ್ಲ. ಉಯಿಲು ಬರೆದು, ಅದನ್ನು ಜಾರಿ ಮಾಡಲು ಒಬ್ಬರನ್ನು ನೇಮಿಸಿದ್ದರೆ, ಆಸ್ತಿ ಪೂರ್ತಿ ಹಂಚಿಕೆಯಾಗುವವರೆಗೆ ಅದರ ಆದಾಯಕ್ಕೆ ಅವರೇ ಬೇರೆ ರಿಟರ್ನ್ ಸಲ್ಲಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 168ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಚಿಕ್ಕ ಮೊಮ್ಮಕ್ಕಳಿಗಾಗಿ ಆಸ್ತಿಯನ್ನು ಟ್ರಸ್ಟ್ ಮಾಡಿಟ್ಟಿದ್ದರೆ, ಅದರ ಲೆಕ್ಕ ಕೊಡುವ ಜವಾಬ್ದಾರಿ ಟ್ರಸ್ಟಿಯದು.

ಉಯಿಲು ಇಲ್ಲದಿದ್ದರೆ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಮಗ, ಮಗಳು, ಮದುವೆಯಾಗಿ ಹೋದ ಮಗಳು ಎಂಬ ಭೇದವಿಲ್ಲ. ಸಾವಿನ ನಂತರ 90,000 ರೂಪಾಯಿ ಬಡ್ಡಿ ಬಂದು, ಮೂವರು ಮಕ್ಕಳಿದ್ದರೆ ತಾಯಿಗೆ 30,000, ಪ್ರತಿ ಮಗುವಿಗೆ 20,000. ಅವರವರ ಪಾಲನ್ನು ಅವರವರೇ ತಮ್ಮ ಆದಾಯದಲ್ಲಿ ತೋರಿಸಬೇಕು. ಕುಟುಂಬ ಪಿಂಚಣಿ ಮಾತ್ರ ಅದನ್ನು ಪಡೆಯುವ ತಾಯಿಯ ಆದಾಯವೇ. ಬ್ಯಾಂಕಿನಲ್ಲಿ ‘ನಾಮಿನಿ’ ಎಂದು ಹೆಸರಿದ್ದ ಮಾತ್ರಕ್ಕೆ ಹಣವೆಲ್ಲ ಆ ಒಬ್ಬರದಾಗುವುದಿಲ್ಲ. ಅವರು ಹಣ ಪಡೆದು, ಹಕ್ಕಿದ್ದವರಿಗೆ ತಲುಪಿಸಬೇಕಾದವರು. ಇದು ಗೊತ್ತಿಲ್ಲದೆ ಎಷ್ಟೋ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಹಂಚುವ ಮೊದಲು ಲೆಕ್ಕ

ತೀರಿಹೋದವರು ತೆರಿಗೆ ಬಾಕಿ ಉಳಿಸಿದ್ದರೆ, 159ನೇ ಸೆಕ್ಷನ್ ಪ್ರಕಾರ ವಾರಸುದಾರರು ಕಟ್ಟಬೇಕು. ಆದರೆ ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ನಿಮ್ಮ ಸ್ವಂತ ದುಡಿಮೆಗೆ ಕೈಹಾಕುವುದಿಲ್ಲ. ಎಚ್ಚರ ಬೇಕಾದದ್ದು ಒಂದೇ: ಬಾಕಿ ತೀರಿಸದೆ ಆ ಆಸ್ತಿಯನ್ನು ಮಾರಿದರೆ ಅಥವಾ ಪರಭಾರೆ ಮಾಡಿದರೆ, ಅಷ್ಟರಮಟ್ಟಿಗೆ ಹೊಣೆ ನಿಮ್ಮ ತಲೆಯ ಮೇಲೇ ಬರುತ್ತದೆ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಹಂಚಿಕೆ.

ಗಡುವು: 2025 ಮಾರ್ಚ್ 31ಕ್ಕೆ ಮುಗಿದ ವರ್ಷದ ರಿಟರ್ನ್ ತಪ್ಪಿಹೋಗಿದ್ದರೆ, ತಡವಾಗಿ ಸಲ್ಲಿಸಲು 2025 ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಮೇಷ್ಟ್ರಂತೆ ಪಿಂಚಣಿ, ಬಡ್ಡಿ ಇದ್ದವರ 2025-26ನೇ ಸಾಲಿನ ರಿಟರ್ನ್‌ಗೆ 2026 ಜುಲೈ 31. ಹೊಸ ಆದಾಯ ತೆರಿಗೆ ಕಾಯ್ದೆ 2026 ಏಪ್ರಿಲ್ 1ರಿಂದ ಜಾರಿಗೆ ಬಂದರೂ ಈ ಸಾಲಿಗೆ 1961ರ ಕಾಯ್ದೆಯೇ ಅನ್ವಯ.

ನಮ್ಮ ಹಿರಿಯರು ಸಾಲ ತೀರಿಸದೆ ನಿದ್ದೆ ಮಾಡಿದವರಲ್ಲ. ಅವರ ಹೆಸರಿನಲ್ಲಿ ಬಾಕಿ ಉಳಿಯದಂತೆ, ತಾಯಿಗೆ ಸೇರಬೇಕಾದ್ದು ತಾಯಿಗೆ ಸೇರುವಂತೆ ನೋಡಿಕೊಳ್ಳೋಣ.

ಅನ್ಬಿಯಂ ಕೂಟದಲ್ಲಿ ಚರ್ಚಿಸಲು

1. ನಮ್ಮ ಬೀದಿಯಲ್ಲಿ ಈ ವರ್ಷ ಸಾವಾದ ಮನೆಯವರಿಗೆ ಈ ಕಾಗದಗಳನ್ನು ಮಾಡಿಸಿಕೊಳ್ಳಲು ಯಾರು ಜೊತೆಗೆ ಹೋಗಬಲ್ಲೆವು?
2. ನಮ್ಮ ಪ್ಯಾನ್, ಎಫ್‌ಡಿ, ಉಯಿಲು ಎಲ್ಲಿವೆ ಎಂದು ನಮ್ಮ ಮನೆಯವರಿಗೆ ಹೇಳಿದ್ದೇವೆಯೇ?