ದೊಡ್ಡ ಟೈರ್ ಆಸೆಗೆ ಮೊದಲು ರೇಡಿಯೇಟರ್ ನೋಡಿ

ಜೂನ್‌ನಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ಅಫಜಲಪುರದ ಎರೆ ಹೊಲಗಳ ಬಂಡಿದಾರಿ ಅಂಟಿನಂಥ ರಾಡಿಯಾಗುತ್ತದೆ. ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿನ ಗೀರುಗಳಲ್ಲೆಲ್ಲ ಮಣ್ಣು ಮೆತ್ತಿ, ಟೈರು ಬೋಳಾದಂತೆ ನುಣ್ಣಗಾಗುತ್ತದೆ. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಜೀಪು ಇದ್ದಲ್ಲೇ ಜಾರುತ್ತದೆ. ಆಳಂದ, ಜೇವರ್ಗಿಯಲ್ಲೂ ಇದೇ ಪಾಡು. ಇಲ್ಲಿನ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ತಂದುಕೊಟ್ಟ ಕಪ್ಪು ಮಣ್ಣೇ ಗಾಡಿಯನ್ನು ಹಿಡಿದು ಕೂರಿಸುತ್ತದೆ.

ಹೀಗೆ ಎರಡು ಸಲ ಸಿಕ್ಕಿಕೊಂಡವರು ಮೂರನೇ ಸಲ ಟೈರ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ಮಳೆಗಾಲಕ್ಕೆಂದು ಹಾಕಿಸಿದ ಆ ದೊಡ್ಡ ಟೈರಿನ ಲೆಕ್ಕ ಚುಕ್ತಾ ಆಗುವುದು ಮಾತ್ರ ಮೇ ತಿಂಗಳಲ್ಲಿ.

ಲೆಕ್ಕ ಸರಳ. ಹಳೆಯ ಬೊಲೆರೊ ಗಾಡಿಗಳ ಟೈರ್ ಅಳತೆ 215/75 ಆರ್15. ಅದರ ಎತ್ತರ ಸುಮಾರು 703 ಮಿ.ಮೀ. ಅದೇ ರಿಮ್ಮಿಗೆ 235/75 ಹಾಕಿದರೆ ಎತ್ತರ 733 ಮಿ.ಮೀ. ಆಗುತ್ತದೆ. 30 ಮಿ.ಮೀ. ಹೆಚ್ಚಾಯಿತಲ್ಲ ಎಂದು ಹಿಗ್ಗಬೇಡಿ; ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, ಬರೀ 15 ಮಿ.ಮೀ. ಇದಕ್ಕೆ ಪ್ರತಿಯಾಗಿ ಎಲ್ಲ ಗೇರುಗಳೂ ಶೇ 4ರಷ್ಟು ಭಾರವಾಗುತ್ತವೆ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 83ರ ಮೇಲೆ ಓಡುತ್ತಿರುತ್ತದೆ. ಪಿಕಪ್ ಹೋಯಿತು ಎಂದು ಚಾಲಕ ಹೆಚ್ಚು ಆಕ್ಸಿಲರೇಟರ್ ಒತ್ತುತ್ತಾನೆ, ಅರ್ಧ ಕ್ಲಚ್ಚಿನಲ್ಲಿ ಎಳೆಯುತ್ತಾನೆ. ಎಂಜಿನ್ ಕಾಯುವುದು ಇಲ್ಲಿಂದಲೇ.

ಬಿಸಿಲಿನ ಪಾಲು ಇನ್ನೂ ದೊಡ್ಡದು. ರೇಡಿಯೇಟರ್ ಎಷ್ಟು ಬಿಸಿ ಹೊರಹಾಕುತ್ತದೆ ಎಂಬುದು ಒಳಗಿನ ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೂಲಂಟ್ 90 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 65. ಕಲಬುರಗಿಯ ಮೇ ಮಧ್ಯಾಹ್ನ ಗಾಳಿಯೇ 44ಕ್ಕೆ ಏರಿದಾಗ ಅಂತರ 46. ರೇಡಿಯೇಟರ್ ಅದೇ, ಫ್ಯಾನ್ ಅದೇ. ತಂಪು ಮಾಡುವ ಶಕ್ತಿ ಮಾತ್ರ ಶೇ 30ರಷ್ಟು ಕಡಿಮೆ.

ಆದ್ದರಿಂದ ಮೊದಲು ಗ್ಯಾರೇಜು, ಟೈರ್ ಅಂಗಡಿ ಆಮೇಲೆ. ರೇಡಿಯೇಟರಿನ ಸಣ್ಣ ಜಾಲರಿಯಲ್ಲಿ ತೊಗರಿ ರಾಶಿಯ ಹೊಟ್ಟು, ಒಣಗಿದ ಕೆಸರು ಕೂತಿರುತ್ತದೆ. ಎಂಜಿನ್ ಆರಿದ ಮೇಲೆ, ಎಂಜಿನ್ ಕಡೆಯಿಂದ ಹೊರಗೆ ಬರುವಂತೆ ಹಗುರವಾಗಿ ನೀರು ಬಿಡಿಸಿ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪನ್ನು ಹತ್ತಿರ ಹಿಡಿದರೆ ಜಾಲರಿಯ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಒಳಗಿನ ಶತ್ರು ಬೋರ್‌ವೆಲ್ ನೀರು. ಅದರ ಗಡಸು ಲವಣ ಕೊಳವೆಗಳ ಗೋಡೆಗೆ ಬಿಳಿ ಪದರವಾಗಿ ಕಟ್ಟಿಕೊಳ್ಳುತ್ತದೆ. ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು. ಈ ಮಿಶ್ರಣ ನೀರಿಗಿಂತ ತಡವಾಗಿ ಕುದಿಯುತ್ತದೆ, ಮುಚ್ಚಳದ ಒತ್ತಡ ಸೇರಿದರೆ 120 ಡಿಗ್ರಿ ದಾಟಿದರೂ ತಡೆಯುತ್ತದೆ. ಆ ಮುಚ್ಚಳದ ರಬ್ಬರ್ ಸೀಳಿದ್ದರೆ ಮಾತ್ರ ಈ ಲಾಭ ಇಲ್ಲ. ಫ್ಯಾನ್ ಬೆಲ್ಟ್ ಸಡಿಲವಿದೆಯೇ, ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಇದೆಯೇ ಎಂದೂ ನೋಡಿಸಿ. ರಿಪೇರಿಗೆಂದು ಬಿಚ್ಚಿದ ಕವಚ ಗ್ಯಾರೇಜಿನ ಮೂಲೆಯಲ್ಲೇ ಉಳಿದ ಗಾಡಿಗಳೂ ಉಂಟು. ಗ್ರಿಲ್ ಮುಂದೆ ಸಾಲಾಗಿ ಕಟ್ಟಿದ ದೊಡ್ಡ ಲೈಟುಗಳು ನೋಡಲು ಚೆಂದ, ಗಾಳಿಗೆ ಅಡ್ಡ.

ಇಷ್ಟಾದ ಮೇಲೆ ಟೈರು. ಮೊದಲು ಗಾಡಿಯ ಕೈಪಿಡಿ ತೆರೆಯಿರಿ. 2020ರ ಥಾರ್ ಅನ್ನು ಕಂಪನಿಯೇ 245/75 ಆರ್16 ಮತ್ತು 255/65 ಆರ್18 ಎಂಬ ಎರಡು ಅಳತೆಯಲ್ಲಿ ಕೊಟ್ಟಿತ್ತು. ಅಂಥ ಆಯ್ಕೆಯೊಳಗೆ ಇದ್ದರೆ ತಲೆನೋವಿಲ್ಲ. ಅದನ್ನು ಮೀರುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಕಂಪನಿಯ ಮೂಲ ವಿನ್ಯಾಸಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ.

ಜೋಡಿಸಿದ ಕೂಡಲೇ ಸ್ಟೀರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಿ, ಆಳು ಕೂರಿಸಿ, ಟೈರು ಎಲ್ಲಿಯಾದರೂ ತಿಕ್ಕುತ್ತದೆಯೇ ನೋಡಬೇಕು. ಟೈರಿನ ಭಾರ ಹೊರುವ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಕೂಡದು. 100 ಎಂದಿದ್ದರೆ ಒಂದು ಟೈರು 800 ಕೆ.ಜಿ. ಹೊರುತ್ತದೆ ಎಂದರ್ಥ. ಫೋರ್ ವೀಲ್ ಡ್ರೈವ್ ಗಾಡಿಗೆ ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆ ಇರಬೇಕು. ನೂರು ಕಿ.ಮೀ. ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ರಾಡಿಗೆ ಇಳಿಯುವಾಗ ಗಾಳಿಯನ್ನು 20 ಪಿಎಸ್‌ಐ ಸುತ್ತ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಆದರೆ ಕಲಬುರಗಿ–ಜೇವರ್ಗಿ ಹೆದ್ದಾರಿಗೆ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು. ಕಾದ ಡಾಂಬರಿನ ಮೇಲೆ ಮೆತ್ತಗಿನ ಟೈರು ತಾನೇ ಬಿಸಿಯಾಗಿ ಸಿಡಿಯಬಹುದು. ದಾರಿಯಲ್ಲಿ ಬಿಸಿಯ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರ್ ಹಾಕಿ, ನೆರಳಿಗೆ ನಿಲ್ಲಿಸಿ ಎಂಜಿನ್ ಐಡ್ಲಿಂಗಿನಲ್ಲಿ ಬಿಡಿ. ಬಾನೆಟ್ಟಿನಿಂದ ಹಬೆ ಬಂದರೆ ಕೂಡಲೇ ಆರಿಸಿ. ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ಟೂ ವೀಲ್ ಡ್ರೈವ್ ಬೊಲೆರೊ ಇಟ್ಟವರಿಗೆ ಇನ್ನೊಂದು ಮಾತು. ಅಳತೆ ಹೆಚ್ಚಿಸುವ ಬದಲು ಅದೇ ಅಳತೆಯಲ್ಲಿ ಆಳ ಗೀರಿನ ಟೈರು ಹಾಕಿಸಿದರೆ ಖರ್ಚೂ ಕಡಿಮೆ, ಎಂಜಿನ್ನಿಗೂ ಹೊರೆಯಿಲ್ಲ. ಹಸಿ ಎರೆಯಲ್ಲಿ ಅದೂ ಸೋಲುತ್ತದೆ, ನಿಜ. ಎರಡು ದಿನ ಬಿಸಿಲು ಬಿದ್ದರೆ ಅದೇ ದಾರಿಯಲ್ಲಿ ಹಳೆ ಟೈರಿನ ಗಾಡಿಯೂ ಓಡುತ್ತದೆ. ಅಲ್ಲಿಯವರೆಗೆ ಹೊಲಕ್ಕೆ ಟ್ರ್ಯಾಕ್ಟರೇ ಸರಿ.