ಐವತ್ತು ದಾಟಿದ ಮೈಗೆ ಚಳಿಗಾಲದ ಆರೈಕೆ

ದೀಪಾವಳಿ ಮುಗಿದದ್ದೇ ತಡ, ನಮ್ಮ ಬೀದರ, ವಿಜಯಪುರದ ಕಡೆ ಗಾಳಿ ಒಣಗುತ್ತದೆ. ಮೊಣಕಾಲ ಕೆಳಗೆ ಉಗುರು ಆಡಿಸಿದರೆ ಬಿಳಿ ಗೆರೆ ಏಳುತ್ತದೆ. ಹರೆಯದಲ್ಲಿ ಒಂದಿಷ್ಟು ಕೊಬ್ಬರಿ ಎಣ್ಣೆಗೆ ಸರಿಹೋಗುತ್ತಿದ್ದ ಮೈ ಈಗ ಯಾಕೆ ಹೀಗೆ ಎಂದು ತಂಗಿಯರು ಕೇಳುತ್ತಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ. ಮೊದಲ ಐದು ವರ್ಷದಲ್ಲೇ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ, ಜಿಡ್ಡು ಒಸರುವುದೂ ತಗ್ಗುತ್ತದೆ. ಆದ್ದರಿಂದ ಇರುವ ಜಿಡ್ಡನ್ನು ತೊಳೆದು ಕಳೆಯಬೇಡಿ, ಮೈಯ ತೇವ ಆರಿಹೋಗಲು ಬಿಡಬೇಡಿ.

• ಹಂಡೆಯ ಸುಡುಸುಡು ನೀರು ಚಳಿಗೆ ಹಿತ, ಆದರೆ ಅದು ಜಿಡ್ಡನ್ನೆಲ್ಲ ಒಯ್ಯುತ್ತದೆ. ಮೊಣಕೈ ಅದ್ದಿದರೆ ಚುರ್ ಅನ್ನದಷ್ಟು ಬೆಚ್ಚಗಿರಲಿ, ಹತ್ತು ನಿಮಿಷದೊಳಗೆ ಸ್ನಾನ ಮುಗಿಯಲಿ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಸಾಕು. ಕಡಲೆಹಿಟ್ಟೂ ಜಿಡ್ಡು ಹೀರುತ್ತದೆ. ಎಣ್ಣೆಸ್ನಾನದ ದಿನ ಸರಿ, ದಿನವೂ ಬೇಡ.

• ಎಲ್ಲಕ್ಕಿಂತ ಮುಖ್ಯ ಮಾತು ಇದು: ಟವೆಲನ್ನು ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ, ಬಚ್ಚಲಿಂದ ಹೊರಬರುವ ಮುನ್ನವೇ ಹಚ್ಚಿಕೊಳ್ಳಿ. ಎಣ್ಣೆಯಾಗಲಿ ವ್ಯಾಸಲೀನಾಗಲಿ ತಾನಾಗಿ ನೀರು ತರುವುದಿಲ್ಲ, ಇರುವ ನೀರಿಗೆ ಮುಚ್ಚಳವಾಗುತ್ತದೆ. ಮೈ ಒಣಗಿದ ಮೇಲೆ ಸವರಿದರೆ ಅಷ್ಟು ಫಲ ಸಿಗದು. ದುಬಾರಿ ಡಬ್ಬಿಯ ಹಂಬಲ ಬಿಡಿ. ಕೊಳ್ಳುವುದೇ ಆದರೆ ಗ್ಲಿಸರಿನ್ ಅಥವಾ ಸೆರಮೈಡ್ ಇರುವ, ಸುವಾಸನೆ ಇಲ್ಲದ ಕ್ರೀಮು ನೋಡಿ. ತೆಳು ಲೋಶನ್‌ಗಿಂತ ಗಟ್ಟಿ ಕ್ರೀಮು ಈ ವಯಸ್ಸಿಗೆ ಮೇಲು.

• ಹಿಮ್ಮಡಿ ಒಡೆದರೆ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಪಾದ ಇಟ್ಟು, ಒರೆಸಿ, ಶೇ. 10ರಿಂದ 20ರ ಯೂರಿಯಾ ಕ್ರೀಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಹೊಲಕ್ಕೆ ಹಾಕುವ ಗೊಬ್ಬರವಲ್ಲ, ಔಷಧಿ ಅಂಗಡಿಯಲ್ಲಿ ಸಿಗುವ ಮುಲಾಮು. ರಕ್ತ ಜಿನುಗುವ ಬಿರುಕಿಗೆ ಅದು ಉರಿ, ಅಲ್ಲಿ ವ್ಯಾಸಲೀನ್ ಸಾಕು. ಬ್ಲೇಡು ಹಿಡಿದು ಹೆರೆಯಬೇಡಿ. ಕಾಲುಂಗುರದ ಕೆಳಗೆ, ಬೆರಳ ಸಂದಿಯಲ್ಲಿ ಕ್ರೀಮು ನಿಲ್ಲಬಾರದು, ನೀರೂ ನಿಲ್ಲಬಾರದು. ಸಕ್ಕರೆ ಕಾಯಿಲೆಯವರು ಪಾದ ನೆನೆಸುವುದೇ ಬೇಡ; ದಿನಾ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಅಲ್ಲಿ ಗಾಯವಾದರೂ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ.

• ಪಾತ್ರೆ ತೊಳೆಯುವಾಗ ಕೈಗವಸು ಹಾಕಿ. ಪ್ರತಿ ಸಲ ಕೈ ತೊಳೆದಾಗಲೂ ಹಚ್ಚಿಕೊಳ್ಳಲು ಸಿಂಕಿನ ಪಕ್ಕವೇ ಒಂದು ಡಬ್ಬಿ ಇರಲಿ.

• ತುಟಿ ನೆಕ್ಕಬೇಡಿ.

• ಸ್ಟಿಕ್ಕರ್ ಬೊಟ್ಟಿನ ಅಂಟು ಕೆಲವರಿಗೆ ಆಗಿಬರುವುದಿಲ್ಲ. ಮೊದಲು ತುರಿಕೆ, ಆಮೇಲೆ ಅದೇ ಜಾಗದಲ್ಲಿ ಬಿಳಿ ಮಚ್ಚೆ. ತುರಿಕೆ ಶುರುವಾದ ದಿನವೇ ಬಿಟ್ಟುಬಿಡಿ.

• ಬೆಳ್ಳಗಾಗುತ್ತದೆಂದು ಯಾರೋ ಕೊಟ್ಟ ಟ್ಯೂಬು ಮುಖಕ್ಕೆ ಹಚ್ಚಬೇಡಿ ತಂಗಿಯರೇ, ಇದನ್ನು ಬೇಡಿಕೊಂಡು ಹೇಳುತ್ತೇನೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲೇ ತೆಳುವಾದ ಚರ್ಮ ಇನ್ನೂ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ನಿಂಬೆಹೋಳು ಉಜ್ಜುವುದೂ ಬೇಡ.

• ಎಳೆಬಿಸಿಲಿಗೆ ಕೂರುವುದು ಒಳ್ಳೆಯದೇ. ಹತ್ತು ಗಂಟೆಯ ಮೇಲೆ ಹೊಲಕ್ಕೋ ಸಂತೆಗೋ ಹೊರಟರೆ ಚಳಿಗಾಲದಲ್ಲೂ ಸೆರಗು ತಲೆಮೇಲಿರಲಿ, ಮುಖಕ್ಕೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಇರಲಿ. ಉಣ್ಣೆಯ ಸ್ವೆಟರ್ ಬರಿಮೈಗೆ ತಾಗಿದರೆ ಕಡಿತ. ಒಳಗೆ ಹತ್ತಿಯದು ತೊಡಿ.

• ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಈ ಕಾಲದ ಊಟ, ಖುಷಿಯಾಗಿ ಉಣ್ಣಿ. ಬಾಯಾರಿಕೆ ಆಗಲಿಲ್ಲವೆಂದು ನೀರು ಮರೆಯಬೇಡಿ. ಆದರೆ ತಿಂದದ್ದರಿಂದಲೇ ಚರ್ಮ ಸರಿಹೋದೀತೆಂದು ಹಚ್ಚುವುದನ್ನು ಬಿಡಬೇಡಿ.

• ಹೇಳಿಕೊಳ್ಳಲು ನಾಚುವ ಜಾಗದ ಒಣಗು, ಉರಿಗೂ ಅದೇ ಈಸ್ಟ್ರೋಜನ್ ಇಳಿದದ್ದು ಕಾರಣ. ಅಲ್ಲಿ ಸೋಪು ಬೇಡ. ಸಹಿಸಿಕೊಂಡು ಕೂರಬೇಡಿ, ಇದಕ್ಕೆಂದೇ ಕ್ರೀಮುಗಳಿವೆ, ಸ್ತ್ರೀರೋಗ ವೈದ್ಯರನ್ನು ಕೇಳಿ.

• ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ತುರಿಕೆ ಇಳಿಯದಿದ್ದರೆ, ರಾತ್ರಿ ನಿದ್ದೆ ಕೆಡುತ್ತಿದ್ದರೆ, ಚಳಿಯ ಮೇಲೆ ತಪ್ಪು ಹೊರಿಸಬೇಡಿ. ಥೈರಾಯ್ಡ್, ಸಕ್ಕರೆ, ಮೂತ್ರಪಿಂಡ, ಯಕೃತ್ತು, ಯಾವುದರ ತೊಂದರೆಯೂ ಹೀಗೆ ತುರಿಕೆಯಾಗಿ ಕಾಣಿಸಿಕೊಳ್ಳಬಹುದು. ರಕ್ತಪರೀಕ್ಷೆ ಮಾಡಿಸಿ. ಮಗನಿಗೆ ರಜೆ ಸಿಗಲಿ, ಸಂಕ್ರಾಂತಿ ಕಳೆಯಲಿ ಎಂದು ಮುಂದೂಡಬೇಡಿ.